ವಕೀಲರ ವಿಡಿಯೊ ಕಾಲ್‌ಗೆ ಮೊದಲ ದಾರಿ: ಮೈಕ್ರೋಟಿಕ್ ಹೆಕ್ಸ್ ರೂಟರ್ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಒಂದೇ ಇಂಟರ್ನೆಟ್ ಲೈನಿನಲ್ಲಿ ಏಳೆಂಟು ಜನ ಕೆಲಸ ಮಾಡುತ್ತಾರೆ, ಅದರಲ್ಲಿ ಒಬ್ಬರ ವಿಡಿಯೊ ಕಾಲ್ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು ಅಂತಿದ್ದರೆ ಮೈಕ್ರೋಟಿಕ್ ಹೆಕ್ಸ್ ತಗೊಳ್ಳಿ. ದುಡ್ಡು ದಂಡ ಆಗಲ್ಲ. ಆದರೆ ಡಬ್ಬಿ ತಂದು ವೈರ್ ಚುಚ್ಚಿದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತ ತರಬೇಡಿ. ಅಂಗಡಿ ರಜೆ ಇರುವ ಒಂದು ಭಾನುವಾರವನ್ನು ಇದಕ್ಕೇ ಅಂತ ಇಟ್ಟುಕೊಂಡು ಕೂರಬೇಕು.

ನನ್ನದು ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್. ಮುಂದೆ ಆರು ಸಿಸ್ಟಂ, ಎರಡು ಸ್ಕ್ಯಾನರ್. ಹಿಂದೆ ಗಾಜಿನ ಬಾಗಿಲಿನ ಒಂದು ಸಣ್ಣ ಕ್ಯಾಬಿನ್, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ. ಇಲ್ಲಿಗೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದೇ ಕಾಯಂ ಪೀಠ ಆಯಿತು. ಕೊರೊನಾ ಕಾಲದಿಂದ ವಿಡಿಯೊ ಕಲಾಪವೂ ರೂಢಿಗೆ ಬಂದಿದೆ. ಬೆಂಗಳೂರಿನಲ್ಲಿ ಒಂದು ಕೇಸ್ ಇದ್ದರೆ ರಾತ್ರಿ ರೈಲು ಹತ್ತುವ ಬದಲು ನಮ್ಮ ಕ್ಯಾಬಿನ್‌ನಲ್ಲಿ ಕೂತು ಹಾಜರಾಗುವ ವಕೀಲರಿದ್ದಾರೆ. ಚಿತ್ತಾಪುರ, ಶಹಾಬಾದ್ ಕಡೆಯಿಂದ ಕೆಲಸದ ಇಂಟರ್‌ವ್ಯೂ ಕೊಡಲು ಬರುವ ಹುಡುಗಿಯರಿದ್ದಾರೆ. ಅವರಿಗೆಲ್ಲ ಆ ಹತ್ತು ನಿಮಿಷ ಬಹಳ ದೊಡ್ಡದು. ತಮ್ಮ ಸರದಿ ಬಂದಾಗ ದನಿ ಹೋಗಲಿಲ್ಲ ಅಂದರೆ ನಾನು ಬಾಡಿಗೆ ವಾಪಸ್ ಕೊಟ್ಟು ಏನು ಪ್ರಯೋಜನ?

ಹಾಗೆ ದನಿ ಕಟ್ ಆಗುತ್ತಲೂ ಇತ್ತು. ಕ್ಯಾಬಿನ್ ಬಾಗಿಲು ತೆಗೆದು, "ಮೇಡಂ, ಆವಾಜ್ ಕಟ್ ಆಗ್ಲತ್ತದ್ರಿ" ಅಂತ ಹಿರಿಯ ವಕೀಲರೊಬ್ಬರು ಕರಿ ಕೋಟಿನಲ್ಲೇ ಹೊರಗೆ ಬಂದಿದ್ದು ಇನ್ನೂ ಕಣ್ಣ ಮುಂದಿದೆ. ಆಗ ಎರಡನೇ ಸಿಸ್ಟಂನಲ್ಲಿ ನಮ್ಮ ಹುಡುಗ ಮುನ್ನೂರು ಪುಟದ ಕೇಸ್ ಪೇಪರ್ ಸ್ಕ್ಯಾನ್ ಮಾಡಿ ಇ-ಫೈಲಿಂಗ್‌ಗೆ ಏರಿಸುತ್ತಿದ್ದ. ಅಂದರೆ ಒಬ್ಬ ವಕೀಲರ ಪಿಡಿಎಫ್ ಇನ್ನೊಬ್ಬ ವಕೀಲರ ಬಾಯಿ ಮುಚ್ಚಿಸುತ್ತಿತ್ತು.

ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ "ಪ್ಲಾನ್ ದೊಡ್ಡದು ಮಾಡ್ರಿ" ಎಂಬ ಒಂದೇ ಉತ್ತರ. ಮಾಡಿಸಿದೆ. ತೊಂದರೆ ಹೋಗಲಿಲ್ಲ. ಕಾರಣ ಆಮೇಲೆ ಅರ್ಥ ಆಯಿತು. ದೊಡ್ಡ ಫೈಲ್ ಏರಿಸುವ ಕೆಲಸಕ್ಕೆ ಇಷ್ಟೇ ಸಾಕು ಅನ್ನುವುದೇ ಇಲ್ಲ. ಎಷ್ಟು ಜಾಗ ಸಿಗುತ್ತದೋ ಅಷ್ಟನ್ನೂ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಉಳಿದ ಪ್ಯಾಕೆಟ್‌ಗಳು, ಅಂದರೆ ಡೇಟಾದ ಸಣ್ಣ ಸಣ್ಣ ಕಟ್ಟುಗಳು, ಮೋಡೆಮ್ಮಿನ ಬಫರ್‌ನಲ್ಲಿ (ಕಾಯುವ ಜಾಗದಲ್ಲಿ) ಸಾಲು ನಿಲ್ಲುತ್ತವೆ. ಆ ಸಾಲಿನ ಕೊನೆಗೆ ವಕೀಲರ ದನಿಯ ಪ್ಯಾಕೆಟ್ಟೂ ನಿಲ್ಲುತ್ತದೆ. ಸುಮ್ನೆ ಇದ್ದಾಗ 30 ಮಿಲಿಸೆಕೆಂಡ್ ತೋರಿಸುವ ಪಿಂಗ್ (ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಸಮಯ), ಅಪ್‌ಲೋಡ್ ಶುರುವಾದರೆ 600 ದಾಟುತ್ತಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ಮುಟ್ಟಲು 150 ಮಿಲಿಸೆಕೆಂಡಿಗಿಂತ ಜಾಸ್ತಿ ಆದರೆ ಮಾತುಕತೆಗೆ ಅಡ್ಡಿ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಸಾಧಾರಣವಾಗಿ ದನಿ 20 ಮಿಲಿಸೆಕೆಂಡಿಗೊಂದು ತುಂಡಾಗಿ, ಸೆಕೆಂಡಿಗೆ 50 ಪ್ಯಾಕೆಟ್ ಲೆಕ್ಕದಲ್ಲಿ ಹೋಗುತ್ತದೆ. ಇಂಟರ್ನೆಟ್‌ನಲ್ಲಿ ಓಡುವ ಬಹಳ ಸಣ್ಣ ಸರಕು ಅದು. ಆ ಸಣ್ಣದಕ್ಕೆ ಜಾಗ ಬಿಡಿಸಿಕೊಡುವವರು ಬೇಕಿತ್ತು, ಅಷ್ಟೇ.

ಹೆಕ್ಸ್ ಬಂದಿದ್ದು ಅದಕ್ಕೆ. ಮೈಕ್ರೋಟಿಕ್ ಲಾಟ್ವಿಯಾ ದೇಶದ ಕಂಪನಿ, ರಿಗಾ ನಗರದ್ದು, 1996ರಲ್ಲಿ ಶುರುವಾಯಿತು. ನನ್ನ ಹತ್ತಿರ ಇರುವುದು ಆರ್‌ಬಿ750ಜಿಆರ್3 ಮಾದರಿ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ, ಹೈದರಾಬಾದಿನಿಂದ ತರಿಸಿಕೊಟ್ಟರು. ಐದು ಸಾವಿರ ಚಿಲ್ಲರೆ ಬಿತ್ತು. ಅಂಗೈ ಅಗಲದ ಬಿಳಿ ಪ್ಲಾಸ್ಟಿಕ್ ಡಬ್ಬಿ. ಐದು ಗಿಗಾಬಿಟ್ ಪೋರ್ಟ್, 880 ಮೆಗಾಹರ್ಟ್ಸ್‌ನ ಎರಡು ಕೋರ್ ಪ್ರೊಸೆಸರ್, 256 ಎಂಬಿ ರ್‍ಯಾಮ್. ವೈಫೈ ಇಲ್ಲ, ಇದನ್ನು ಗಮನಿಸಿ. ವೈಫೈ ಬೇಕಿದ್ದರೆ ಹಳೆ ರೂಟರನ್ನೇ ಆಕ್ಸೆಸ್ ಪಾಯಿಂಟ್ (ಬರೀ ವೈಫೈ ಹರಡುವ ಡಬ್ಬಿ) ಮಾಡಿಕೊಂಡು ಇದರ ಹಿಂದೆ ಸೇರಿಸಬೇಕು. ನಾನು ಹಾಗೇ ಮಾಡಿದ್ದೇನೆ. ಒಳಗಿನ ರೂಟರ್‌ಒಎಸ್ ಸಾಫ್ಟ್‌ವೇರಿನ ಲೈಸೆನ್ಸ್ ಡಬ್ಬಿಯ ಜೊತೆಗೇ ಬರುತ್ತದೆ. ವರ್ಷಕ್ಕಿಷ್ಟು ಅಂತ ಕಟ್ಟುವ ತಾಪತ್ರಯ ಇಲ್ಲ.

ಮೊದಲಿದ್ದ ರೂಟರಿನಲ್ಲೂ "ಆದ್ಯತೆ" ಅಂತ ಒಂದು ಗುಂಡಿ ಇತ್ತು. ಅದು ಯಾವ ಮಷೀನ್ ಮುಂದೆ ಅಂತ ಮಾತ್ರ ಕೇಳುತ್ತಿತ್ತು. ಒಳಗೆ ಏನು ಮಾಡುತ್ತದೆ ಅಂತ ತೋರಿಸುತ್ತಿರಲಿಲ್ಲ. ಹೆಕ್ಸ್ ನನಗೆ ಇಷ್ಟವಾದದ್ದು ಇಲ್ಲೇ. ಇದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ.

ವಿನ್‌ಬಾಕ್ಸ್ ಎಂಬ ಅವರದೇ ಪುಟ್ಟ ಪ್ರೋಗ್ರಾಂ ತೆರೆದು, ಐಪಿ, ಅದರಲ್ಲಿ ಫೈರ್‌ವಾಲ್, ಅದರಲ್ಲಿ ಮ್ಯಾಂಗಲ್ ಎಂಬ ಟ್ಯಾಬಿಗೆ ಹೋಗಬೇಕು. ಪ್ಯಾಕೆಟ್‌ಗೆ ಗುರುತು ಹಾಕುವ ಜಾಗ ಅದು. ಕೆಲಸ ಎರಡು ಹಂತದ್ದು. ಮೊದಲು ಕನೆಕ್ಷನ್‌ಗೆ, ಅಂದರೆ ಒಂದು ಮಷೀನ್ ಹೊರಗಿನ ಒಂದು ಸರ್ವರ್ ಜೊತೆ ನಡೆಸುವ ಒಂದು ಮಾತುಕತೆಗೆ, ಗುರುತು: ಕ್ಯಾಬಿನ್ ಮಷೀನಿನ ವಿಳಾಸದಿಂದ ಹೊಸ ಕನೆಕ್ಷನ್ ಶುರುವಾದರೆ ಅದಕ್ಕೆ "ಕ್ಯಾಬಿನ್" ಅಂತ ಹೆಸರು. ಇಲ್ಲಿ ಪಾಸ್‌ಥ್ರೂ ಆನ್ ಇರಬೇಕು, ಇಲ್ಲದಿದ್ದರೆ ಮುಂದಿನ ರೂಲ್‌ಗೆ ಹೋಗುವುದೇ ಇಲ್ಲ. ಎರಡನೆಯದು, "ಕ್ಯಾಬಿನ್" ಕನೆಕ್ಷನ್‌ಗೆ ಸೇರಿದ ಪ್ರತಿ ಪ್ಯಾಕೆಟ್‌ಗೂ ಪ್ಯಾಕೆಟ್ ಮಾರ್ಕ್. ಇಲ್ಲಿ ಪಾಸ್‌ಥ್ರೂ ಆಫ್. ನೇರವಾಗಿ ಪ್ಯಾಕೆಟ್‌ಗೇ ಗುರುತು ಹಾಕಿದರೆ ಸಾಲದಾ ಅಂತ ಅನ್ನಿಸಬಹುದು. ಸಾಲುತ್ತದೆ, ಆದರೆ ಆಗ ವಿಳಾಸ, ಪೋರ್ಟ್ (ಇಲ್ಲಿ ವೈರ್ ಚುಚ್ಚುವ ತೂತಲ್ಲ, ಯಾವ ಸೇವೆ ಅಂತ ಹೇಳುವ ಸಂಖ್ಯೆ) ಎಲ್ಲವನ್ನೂ ಪ್ರತಿ ಪ್ಯಾಕೆಟ್‌ಗೂ ಹೊಸದಾಗಿ ತಾಳೆ ನೋಡಬೇಕು. ಕನೆಕ್ಷನ್‌ಗೆ ಒಮ್ಮೆ ಹೆಸರಿಟ್ಟರೆ ಆಮೇಲೆ ಹೆಸರು ನೋಡಿದರೆ ಸಾಕು. ಸಣ್ಣ ಪ್ರೊಸೆಸರ್‌ಗೆ ಅದು ದೊಡ್ಡ ಉಳಿತಾಯ. ವಾಪಸ್ ಬರುವ ಪ್ಯಾಕೆಟ್‌ಗಳೂ ಅದೇ ಹೆಸರಿಗೆ ಸೇರುತ್ತವೆ, ಅವಕ್ಕೆ ಬೇರೆ ರೂಲ್ ಬೇಡ.

ರೂಲ್ ಬರೆದು ಕ್ಯಾಬಿನ್‌ನಲ್ಲಿ ಒಂದು ಕಾಲ್ ಹಚ್ಚಿ ನೋಡಿ. ಆ ಸಾಲಿನ ಬಲಗಡೆ ಬೈಟ್, ಪ್ಯಾಕೆಟ್ ಎಣಿಕೆ ಓಡಲು ಶುರುವಾಗುತ್ತದೆ. ಓಡದೆ ಸೊನ್ನೆ ನಿಂತಿದ್ದರೆ ರೂಲ್‌ಗೆ ಯಾವ ಪ್ಯಾಕೆಟ್ಟೂ ಸಿಗುತ್ತಿಲ್ಲ ಅಂತ ಅರ್ಥ. ಯಾರನ್ನೂ ಕೇಳುವ ಅಗತ್ಯ ಇಲ್ಲ, ಡಬ್ಬಿಯೇ ಹೇಳುತ್ತದೆ. ಸೊನ್ನೆ ಕಂಡರೆ, ಇಲ್ಲವೇ ಕಾಲ್ ನಡೆಯುತ್ತಿದ್ದರೂ ಎಣಿಕೆ ಬಹಳ ಕಡಿಮೆ ಓಡಿದರೆ, ಮೊದಲು ಫಾಸ್ಟ್‌ಟ್ರ್ಯಾಕ್ ಎಂಬ ರೂಲ್ ನೋಡಿ. ಕಂಪನಿಯ ಮೂಲ ಸೆಟ್ಟಿಂಗ್‌ನಲ್ಲಿ ಅದು ಆನ್ ಇರುತ್ತದೆ. ಪ್ರೊಸೆಸರ್ ಭಾರ ಇಳಿಸಲು ಅದು ಪ್ಯಾಕೆಟ್‌ಗಳನ್ನು ಒಳದಾರಿಯಿಂದ ದಾಟಿಸಿಬಿಡುತ್ತದೆ. ಒಳದಾರಿಯಲ್ಲಿ ಹೋದವು ಮ್ಯಾಂಗಲ್ ಕಡೆ ಬರುವುದೇ ಇಲ್ಲ. ಅದನ್ನು ನಿಲ್ಲಿಸದೆ ನೀವು ಎಷ್ಟು ಚಂದ ರೂಲ್ ಬರೆದರೂ ದಂಡ.

ಇನ್ನು ಮುಖ್ಯವಾದ ಮಾತು. ಗುರುತು ಹಾಕಿದ ಮಾತ್ರಕ್ಕೆ ಯಾವ ಪ್ಯಾಕೆಟ್ಟೂ ಮುಂದೆ ಹೋಗಲ್ಲ. ತೊಗರಿ ಸುಗ್ಗಿಯಲ್ಲಿ ಎಪಿಎಂಸಿ ಗೇಟಿನ ಮುಂದೆ ಗಾಡಿಗಳು ಸಾಲು ನಿಂತಾಗ ಒಂದು ಗಾಡಿಗೆ ಕೆಂಪು ಚೀಟಿ ಅಂಟಿಸಿದರೆ ಅದು ತಾನಾಗಿ ಒಳಗೆ ಹೋಗುತ್ತದಾ? ಚೀಟಿ ನೋಡಿ ಬಿಡುವವನು ಗೇಟಿನಲ್ಲಿ ಇರಬೇಕು. ಸಾಲು ಅವನ ಕಣ್ಣೆದುರೇ ನಿಲ್ಲಬೇಕು. ರೂಟರಿನಲ್ಲಿ ಆ ಕೆಲಸ ಕ್ಯೂ ಟ್ರೀ ಎಂಬ ಮೆನುವಿನದು, ಕ್ಯೂ ಅಂದರೆ ಸಾಲು. ಸಾಲು ನಮ್ಮ ಡಬ್ಬಿಯಲ್ಲೇ ನಿಲ್ಲಬೇಕಾದರೆ ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಮಿತಿ ಹಾಕಬೇಕು. ನಮ್ಮ ಲೈನಿನಲ್ಲಿ ಅಪ್‌ಲೋಡ್ ಅಳೆದರೆ 20 ಎಂಬಿಪಿಎಸ್ ಆಸುಪಾಸು ಸಿಗುತ್ತದೆ. ನಾನು ಮ್ಯಾಕ್ಸ್-ಲಿಮಿಟ್ 18 ಇಟ್ಟಿದ್ದೇನೆ. "ದುಡ್ಡು ಕೊಟ್ಟ ಸ್ಪೀಡನ್ನ ನಾವೇ ಯಾಕ್ ಕಡಿಮಿ ಮಾಡ್ಕೋಬೇಕು ಅಕ್ಕಾ?" ಅಂತ ನಮ್ಮ ಹುಡುಗ ಕೇಳಿದ. ಆ ಎರಡು ಎಂಬಿಪಿಎಸ್ ಬಿಟ್ಟುಕೊಟ್ಟರೆ ಯಾರು ಮೊದಲು, ಯಾರು ಆಮೇಲೆ ಎಂಬ ತೀರ್ಮಾನ ಮೋಡೆಮ್ಮಿನ ಕೈ ಬಿಟ್ಟು ನಮ್ಮ ಕೈಗೆ ಬರುತ್ತದೆ. ನನಗೆ ಅದು ಅಗ್ಗದ ವ್ಯಾಪಾರ ಅನ್ನಿಸಿತು.

ಆ 18ರ ಕೆಳಗೆ ಮೂರು ಕವಲು ಮಾಡಿದ್ದೇನೆ. ಕ್ಯಾಬಿನ್‌ಗೆ ಪ್ರಯಾರಿಟಿ 1, ಲಿಮಿಟ್-ಅಟ್ 4 ಎಂಬಿಪಿಎಸ್. ಫಾರಂ ತುಂಬುವುದು, ಬ್ರೌಸಿಂಗ್, ಒಟಿಪಿ ಪುಟಗಳಿಗೆ ಪ್ರಯಾರಿಟಿ 3. ದೊಡ್ಡ ಪಿಡಿಎಫ್, ಸಿಸಿಟಿವಿ ಬ್ಯಾಕಪ್, ವಿಂಡೋಸ್ ಅಪ್‌ಡೇಟ್ ಎಲ್ಲ ಪ್ರಯಾರಿಟಿ 8. ಇದರಲ್ಲಿ 1 ಅಂದರೆ ಎಲ್ಲರಿಗಿಂತ ಮುಂದೆ, 8 ಅಂದರೆ ಎಲ್ಲರಿಗಿಂತ ಹಿಂದೆ. ಲಿಮಿಟ್-ಅಟ್ ಅಂದರೆ ಏನೇ ಆದರೂ ಸಿಗಲೇಬೇಕಾದ ಪಾಲು. ರೂಟರ್ ಮೊದಲು ಎಲ್ಲರ ಪಾಲನ್ನು ತೀರಿಸುತ್ತದೆ, ಉಳಿದದ್ದನ್ನು ಹಂಚುವಾಗ ಮಾತ್ರ ಪ್ರಯಾರಿಟಿ ನೋಡುತ್ತದೆ. ಹಾಗಾಗಿ ಪಾಲುಗಳ ಮೊತ್ತ ಮೇಲಿನ 18ನ್ನು ದಾಟಬಾರದು. ಪ್ರಯಾರಿಟಿ ನಡೆಯುವುದು ಕೊನೆಯ ಕವಲುಗಳಲ್ಲಿ ಮಾತ್ರ, ಮೇಲಿನ ತಾಯಿ ಕ್ಯೂಗೆ ಅದನ್ನು ಕೊಟ್ಟು ಲಾಭ ಇಲ್ಲ. ಕ್ಯಾಬಿನ್ ಖಾಲಿ ಇದ್ದಾಗ ಅದರ 4 ಎಂಬಿಪಿಎಸ್ ಸುಮ್ನೆ ಬಿದ್ದಿರಲ್ಲ, ಬೇಕಾದವರು ಬಳಸಿಕೊಳ್ಳುತ್ತಾರೆ.

ಒಂದು ಕಷ್ಟ ಎಲ್ಲ ಆನ್‌ಲೈನ್ ಸೆಂಟರಿನವರಿಗೂ ಬರುತ್ತದೆ. ಸಿಇಟಿ ಫಾರಂ ತುಂಬುವುದೂ 443 ಪೋರ್ಟ್, ಮುನ್ನೂರು ಪುಟದ ಪಿಡಿಎಫ್ ಏರಿಸುವುದೂ 443. ಎರಡೂ ಎನ್‌ಕ್ರಿಪ್ಟ್ ಆಗಿರುತ್ತವೆ, ಒಳಗೆ ಏನಿದೆ ಅಂತ ರೂಟರ್‌ಗೆ ಕಾಣಲ್ಲ. ಬೇರೆ ಮಾಡುವುದು ಹೇಗೆ? ಮ್ಯಾಂಗಲ್‌ನಲ್ಲಿ ಕನೆಕ್ಷನ್ ಬೈಟ್ಸ್ ಅಂತ ಒಂದು ಖಾನೆ ಇದೆ. ಅದರಲ್ಲಿ 5000000-0 ಅಂತ ಬರೆದರೆ ಐವತ್ತು ಲಕ್ಷ ಬೈಟ್, ಅಂದರೆ ಸುಮಾರು ಐದು ಎಂಬಿ ದಾಟಿದ ಕನೆಕ್ಷನ್ ಮಾತ್ರ ಸಿಗುತ್ತದೆ. ಕೊನೆಯ ಸೊನ್ನೆಗೆ ಮಿತಿ ಇಲ್ಲ ಅಂತ ಅರ್ಥ. ಆ ರೂಲ್ ಪ್ಯಾಕೆಟ್‌ಗೆ "ಭಾರ" ಅಂತ ಗುರುತು ಹಾಕುತ್ತದೆ. ಫಾರಂ ಯಾವತ್ತೂ ಐದು ಎಂಬಿ ಮುಟ್ಟಲ್ಲ, ಹಗುರ ಸಾಲಿನಲ್ಲೇ ಬೇಗ ಹೋಗುತ್ತದೆ. ಪಿಡಿಎಫ್ ಮೊದಲ ಐದು ಎಂಬಿ ಹಗುರ ಸಾಲಿನಲ್ಲಿ ಹೋಗಿ, ಆಮೇಲೆ ತಾನೇ ತಾನಾಗಿ ಹಿಂದಿನ ಸಾಲಿಗೆ ಸರಿಯುತ್ತದೆ. ಕ್ಯಾಬಿನ್ ರೂಲ್ ಮಾತ್ರ ಇದಕ್ಕಿಂತ ಮೇಲೆ ಇರಬೇಕು. ಇಲ್ಲದಿದ್ದರೆ ಅರ್ಧ ಗಂಟೆಯ ಕಲಾಪವೂ ಐದು ಎಂಬಿ ದಾಟಿದ ಕೂಡಲೇ "ಭಾರ" ಆಗಿಬಿಡುತ್ತದೆ. ರೂಲ್‌ಗಳನ್ನು ಮೇಲಿಂದ ಕೆಳಗೆ ಓದಲಾಗುತ್ತದೆ ಎಂಬುದನ್ನು ಮರೆಯಬೇಡಿ. ನನ್ನ ಮಟ್ಟಿಗೆ ಕೊಟ್ಟ ಪೂರ್ತಿ ದುಡ್ಡು ಈ ಒಂದು ಖಾನೆಯಲ್ಲೇ ವಸೂಲಾಗಿದೆ.

ಈಗ ಅದೇ ಎರಡನೇ ಸಿಸ್ಟಂನಲ್ಲಿ ದೊಡ್ಡ ಫೈಲ್ ಏರುತ್ತಿರುವಾಗ ಕ್ಯೂ ಟ್ರೀ ಕಿಟಕಿ ತೆಗೆದು ನೋಡಿದರೆ "ಭಾರ" ಕ್ಯೂ ಕೆಂಪಗೆ ತೋರಿಸುತ್ತದೆ. ಮಿತಿಯ ಮುಕ್ಕಾಲು ಪಾಲು ದಾಟಿದರೆ ಕೆಂಪು, ಅರ್ಧ ದಾಟಿದರೆ ಹಳದಿ, ಅದಕ್ಕೂ ಕಡಿಮೆ ಇದ್ದರೆ ಹಸಿರು. ಪಕ್ಕದಲ್ಲಿ "ಕ್ಯಾಬಿನ್" ಕ್ಯೂ ಒಂದೂವರೆ ಎಂಬಿಪಿಎಸ್ ಓಡಿಸುತ್ತಾ ಹಸಿರಾಗೇ ಇರುತ್ತದೆ. ಕ್ಯಾಬಿನ್‌ನಿಂದ ಪಿಂಗ್ ಹಚ್ಚಿದರೆ 35, 40. ಒಳಗೆ ವಾದ ನಡೆಯುತ್ತಿದೆ, ಹೊರಗೆ ಫೈಲಿಂಗ್ ನಡೆಯುತ್ತಿದೆ, ಎರಡೂ ಕೆಲಸ ಒಟ್ಟಿಗೆ ಸಾಗುತ್ತಿವೆ. ಫೈಲ್ ಏರಲು ಒಂದೆರಡು ನಿಮಿಷ ಜಾಸ್ತಿ ಹಿಡಿಯಬಹುದು. ಅದನ್ನು ಯಾರೂ ಕೇಳಲ್ಲ.

ಡೌನ್‌ಲೋಡ್ ಕಡೆಯ ಹಿಡಿತ ಇಷ್ಟು ಗಟ್ಟಿ ಅಲ್ಲ, ಇದನ್ನೂ ಹೇಳಬೇಕು. ಹೊರಗಿನಿಂದ ಬರುವ ಪ್ಯಾಕೆಟ್ ನಮ್ಮ ಡಬ್ಬಿಗೆ ಮುಟ್ಟುವಷ್ಟರಲ್ಲಿ ಲೈನ್ ದಾಟಿ ಬಂದಿರುತ್ತದೆ. ನಾವು ತಡೆದು ನಿಲ್ಲಿಸಿದರೆ, ಇಲ್ಲವೇ ಎಸೆದುಬಿಟ್ಟರೆ, ಕಳಿಸುವ ಸರ್ವರ್ ತನ್ನ ವೇಗ ಇಳಿಸುತ್ತದೆ. ಹಾಗೆ ಸುತ್ತು ಹಾಕಿ ಕೆಲಸ ಆಗಬೇಕು. ಮಿತಿಯನ್ನು ಇನ್ನೂ ಸ್ವಲ್ಪ ಕೆಳಗೆ ಇಟ್ಟರೆ ಸಾಕಷ್ಟು ಸರಿಹೋಗುತ್ತದೆ.

ಕೆಲವು ಸಲಹೆಗಳು ಹಳೆ ವಿಡಿಯೊಗಳಲ್ಲಿ ಇನ್ನೂ ಓಡಾಡುತ್ತಿವೆ, ಅವನ್ನು ನಂಬಬೇಡಿ. "ಯುಡಿಪಿ ಎಲ್ಲದಕ್ಕೂ ಮೊದಲ ದಾರಿ ಕೊಡಿ, ಕಾಲ್ ಎಲ್ಲ ಯುಡಿಪಿ ತಾನೆ" ಅನ್ನುತ್ತಾರೆ. ಯುಡಿಪಿ ಅಂದರೆ ಮುಟ್ಟಿತಾ ಅಂತ ಕಾಯದೆ ಪ್ಯಾಕೆಟ್ ಕಳಿಸುವ ಒಂದು ರೀತಿ. ಈಗ ಯೂಟ್ಯೂಬ್ ಕೂಡ ಕ್ವಿಕ್ ಎಂಬ ಹೊಸ ವಿಧಾನದ ಮೂಲಕ ಯುಡಿಪಿ 443ರಲ್ಲೇ ಬರುತ್ತದೆ. ಹಾಗೆ ಮಾಡಿದರೆ ಸಿನಿಮಾ ಹಾಡು ಮತ್ತು ಕೋರ್ಟ್ ಕಲಾಪ ಒಂದೇ ಸಾಲಿಗೆ ಬಂದು ಕೂರುತ್ತವೆ. ಕಾಲ್‌ಗಳನ್ನೇ ಹಿಡಿಯಬೇಕಿದ್ದರೆ ಪೋರ್ಟ್ ನೋಡಿ ಹಿಡಿಯಿರಿ. ಝೂಮ್‌ಗೆ ಯುಡಿಪಿ 8801ರಿಂದ 8810, ಗೂಗಲ್ ಮೀಟ್‌ಗೆ 3478, ಟೀಮ್ಸ್‌ಗೆ 3478ರಿಂದ 3481. ಇನ್ನೊಂದು ಲೇಯರ್ 7 ಅಂತ, ಪ್ಯಾಕೆಟ್ ಒಳಗಿನ ಅಕ್ಷರ ಹುಡುಕುವ ವಿಧಾನ. ಎಲ್ಲವೂ ಎನ್‌ಕ್ರಿಪ್ಟ್ ಆದ ಕಾಲದಲ್ಲಿ ಅದಕ್ಕೆ ಸಿಗುವುದು ಬಹಳ ಕಡಿಮೆ, ಪ್ರೊಸೆಸರ್ ಮಾತ್ರ ಬಿಸಿಯಾಗುತ್ತದೆ.

ಡಿಎಸ್‌ಸಿಪಿ ಎಂಬ ಇನ್ನೊಂದು ಗುರುತಿನ ಬಗ್ಗೆಯೂ ಜನ ಕೇಳುತ್ತಾರೆ. ಮ್ಯಾಂಗಲ್ ಹಾಕುವ ಪ್ಯಾಕೆಟ್ ಮಾರ್ಕ್ ಈ ಡಬ್ಬಿಯೊಳಗೆ ಮಾತ್ರ ಇರುತ್ತದೆ, ವೈರ್ ಮೇಲೆ ಹೋಗಲ್ಲ. ಡಿಎಸ್‌ಸಿಪಿ ಹಾಗಲ್ಲ. ಅದು ಐಪಿ ಹೆಡರ್‌ನಲ್ಲೇ (ಪ್ರತಿ ಪ್ಯಾಕೆಟ್ಟಿನ ಮೇಲಿನ ವಿಳಾಸದ ಚೀಟಿಯಲ್ಲೇ) ಆರು ಬಿಟ್ ಜಾಗದಲ್ಲಿ ಕೂರುವ ಸಂಖ್ಯೆ, 0ಯಿಂದ 63ರವರೆಗೆ. 1998ರ ಆರ್‌ಎಫ್‌ಸಿ 2474 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಇದರ ನಿಯಮ ಬಂತು. ದನಿಗೆ ರೂಢಿಯಲ್ಲಿರುವ ಸಂಖ್ಯೆ 46. ಪ್ಯಾಕೆಟ್ ಜೊತೆ ಅದು ಹೊರಗೂ ಹೋಗುತ್ತದೆ, ಆದರೆ ಇಂಟರ್ನೆಟ್ ಕೊಡುವವರು ಅದಕ್ಕೆ ಬೆಲೆ ಕೊಡಬೇಕೆಂಬ ಕಟ್ಟಳೆ ಇಲ್ಲ, ಅಳಿಸಿಯೂ ಹಾಕಬಹುದು. ನಿಮ್ಮದೇ ಕಟ್ಟಡದೊಳಗೆ, ಮುಖ್ಯವಾಗಿ ವೈಫೈ ಆಕ್ಸೆಸ್ ಪಾಯಿಂಟ್‌ಗೆ ದನಿ ಯಾವುದು ಅಂತ ತಿಳಿಸಲು ಅದು ಉಪಯೋಗ. ನನ್ನ ಕ್ಯಾಬಿನ್‌ಗೆ ಕೇಬಲ್ಲೇ ಎಳೆದಿರುವುದರಿಂದ ನಾನು ಅದರ ಗೊಡವೆಗೆ ಹೋಗಿಲ್ಲ.

ನಮ್ಮ ಊರಿಗೆ ಬೇಕಾದ ಒಂದು ಗುಣ ಈ ಡಬ್ಬಿಗಿದೆ. ಇದು 8ರಿಂದ 30 ವೋಲ್ಟ್‌ವರೆಗೆ ಯಾವ ಡಿಸಿ ಕೊಟ್ಟರೂ ನಡೆಯುತ್ತದೆ. 12 ವೋಲ್ಟಿನ ಮಿನಿ ಯುಪಿಎಸ್‌ಗೆ ನೇರ ಸಿಕ್ಕಿಸಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಇಟ್ಟುಕೊಂಡು ಕ್ಯಾಬಿನ್‌ನಲ್ಲಿ ಕಲಾಪ ಮುಗಿಸಿದವರಿದ್ದಾರೆ. ಒಳಗೆ ಫ್ಯಾನ್ ಇಲ್ಲ, ನಮ್ಮ ಬಿಸಿಲಿಗೆ ಡಬ್ಬಿ ಮುಟ್ಟಿದರೆ ಬೆಚ್ಚಗಿರುತ್ತದೆ. ಸೀಲಿಂಗ್ ಹತ್ತಿರ ತೂಗುಹಾಕುವ ಬದಲು ಗಾಳಿ ಆಡುವ ಕಡೆ, ಕೆಳಗಿನ ಶೆಲ್ಫಿನಲ್ಲಿ ಇಡಿ.

ಕೊಳ್ಳುವ ಮುಂಚೆ ಯೋಚಿಸಬೇಕಾದ ಮಾತೂ ಇದೆ. ಮೆನು ಬಹಳ, ಕನ್ನಡ ಇಲ್ಲ. ಮೊದಲ ಸಲ ನೋಡಿದವರಿಗೆ ಕೈ ಕಾಲು ಆಡಲ್ಲ. ವಿನ್‌ಬಾಕ್ಸ್‌ನಲ್ಲಿ ಸೇಫ್ ಮೋಡ್ ಗುಂಡಿ ಒತ್ತಿಯೇ ಕೆಲಸ ಶುರು ಮಾಡಿ. ಏನೋ ಬದಲಿಸಿ ಸಂಪರ್ಕ ಕಡಿದುಹೋದರೆ ಅದು ಹಿಂದಿನ ಸ್ಥಿತಿಗೆ ತಾನೇ ಮರಳುತ್ತದೆ. ಫಾಸ್ಟ್‌ಟ್ರ್ಯಾಕ್ ನಿಲ್ಲಿಸಿದ ಮೇಲೆ ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ನಮ್ಮ 50 ಎಂಬಿಪಿಎಸ್ ಲೈನಿಗೆ ಅದು ಲೆಕ್ಕಕ್ಕೇ ಇಲ್ಲ, ನೂರಕ್ಕೂ ತೊಂದರೆ ಇಲ್ಲ. ಪೂರ್ತಿ ಗಿಗಾಬಿಟ್ ಲೈನ್ ಇರುವವರು ದೊಡ್ಡ ಮಾದರಿ ನೋಡಿ. ನಿಮ್ಮ ಲೈನಿನಲ್ಲಿ ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಇದ್ದರೆ ಅದರ ಮ್ಯಾಂಗಲ್ ಬೇರೆ ಮೆನುವಿನಲ್ಲಿದೆ. ಅಲ್ಲೂ ಇದೇ ರೂಲ್‌ಗಳನ್ನು ಬರೆಯಬೇಕು, ಇಲ್ಲದಿದ್ದರೆ ಅರ್ಧ ಟ್ರಾಫಿಕ್ ಗುರುತಿಲ್ಲದೆ ಓಡಾಡುತ್ತದೆ.

ಮನೆಗೆ ಬೇಕು ಅನ್ನುವವರಿಗೆ ಇಷ್ಟೆಲ್ಲ ಬೇಡ. ಸೇಡಂ ರಸ್ತೆಯಲ್ಲಿರುವ ನಮ್ಮಣ್ಣನ ಮನೆಗೂ ಇದೇ ಡಬ್ಬಿ ಹಾಕಿಸಿದೆ. ಮಗಳ ಆನ್‌ಲೈನ್ ಕ್ಲಾಸು, ಅತ್ತಿಗೆಯ ವಾಟ್ಸ್ಆ್ಯಪ್ ಕಾಲು, ಅಷ್ಟೇ ಅವರ ಗಲಾಟೆ. ಅಲ್ಲಿ ಒಂದೂ ಮ್ಯಾಂಗಲ್ ರೂಲ್ ಬರೆದಿಲ್ಲ. ರೂಟರ್‌ಒಎಸ್ 7ರಲ್ಲಿ ಕೇಕ್ ಎಂಬ ಕ್ಯೂ ಬಂದಿದೆ, ಅದು ಯಾರಿಗೂ ಗುರುತು ಹಾಕದೆ ಎಲ್ಲ ಕನೆಕ್ಷನ್‌ಗಳಿಗೂ ಸಮನಾಗಿ ಸರದಿ ಕೊಡುತ್ತದೆ. ಫಾಸ್ಟ್‌ಟ್ರ್ಯಾಕ್ ನಿಲ್ಲಿಸಿ, ಮನೆಯ ಪೂರ್ತಿ ನೆಟ್‌ವರ್ಕಿಗೆ ಒಂದು ಸಿಂಪಲ್ ಕ್ಯೂ ಮಾಡಿ, ಮಿತಿಯನ್ನು ಲೈನಿಗಿಂತ ಹತ್ತು ಪರ್ಸೆಂಟ್ ಕೆಳಗಿಟ್ಟು, ಕ್ಯೂ ಟೈಪ್ ಕೇಕ್ ಅಂತ ಆರಿಸಿದೆ. ಅವರಿಗೆ ಅಷ್ಟೇ ಸಾಕಾಗಿದೆ.